ಕೇಳಿಸಿಕೊಳ್ಳುವ ಪಾಠ

ಬೊಗೋಟಾ ನಗರದಲ್ಲಿ ಕಂಪನಿ ಮಾಲೀಕರಿಗೆ ನಾಯಕತ್ವ ಕಲಿಸುವ ಹಿಮೇನಾಳ ಮೊದಲ ಮೌಲ್ಯ, ಎದುರಿಗಿರುವವರ ಮಾತನ್ನು ಕೇಳಿಸಿಕೊಳ್ಳುವುದು. ಅಂದು ಬಿಸ್ಕತ್ತು ಕಾರ್ಖಾನೆಯ ಮಾಲೀಕ ದೋನ್ ಎವಾರಿಸ್ತೊ ತಮ್ಮ ಕಚೇರಿಯಲ್ಲಿ ಅವಳೆದುರು ಕೂತು, "ನಮ್ಮ ಸೂಪರ್‌ವೈಸರ್ ನೂಬಿಯಾ ಮೀಟಿಂಗಲ್ಲಿ ಎದುರು ಮಾತಾಡ್ತಾಳೆ ಮೇಡಂ, ಇವತ್ತೇ ಕೆಲಸದಿಂದ ತೆಗೀತೀನಿ," ಎಂದು ಶುರುಮಾಡಿದರು.

ಹಿಮೇನಾ ಅವರನ್ನು ಅಲ್ಲೇ ತಡೆದು, ಕೇಳಿಸಿಕೊಳ್ಳುವುದರ ಮಹಿಮೆಯನ್ನು ಒಂದೇ ಸಮನೆ ವಿವರಿಸತೊಡಗಿದಳು. ಅವರು ಬಾಯಿ ತೆರೆದಾಗಲೆಲ್ಲ ಕೈಯೆತ್ತಿ ಸುಮ್ಮನಾಗಿಸಿದಳು. ನಡುವೆ ನೂಬಿಯಾ ಒಳಗೆ ಬಂದು, ಹಿಮೇನಾಳ ಮುಂದೆ ಆರಿಹೋಗಿದ್ದ ಕಾಫಿಯನ್ನು ಸದ್ದಿಲ್ಲದೆ ತೆಗೆದು, ಬಿಸಿಯದನ್ನು ಇಟ್ಟು ಹೋದಳು.

ಕೊನೆಗೆ ದೋನ್ ಎವಾರಿಸ್ತೊ ನಿಟ್ಟುಸಿರಿಟ್ಟರು. "ನೂಬಿಯಾ ಇರ್ಲಿ ಬಿಡಿ ಮೇಡಂ. ಪಾಪ, ಅವಳು ಮಧ್ಯೆ ಮಧ್ಯೆ ಉಸಿರಾದ್ರೂ ತಗೋತಾಳೆ."

ತನ್ನ ಮೌಲ್ಯವೇ ಒಬ್ಬಳ ಕೆಲಸ ಉಳಿಸಿತೆಂದು ಹಿಮೇನಾ ಹಿಗ್ಗಿದಳು. ಮುಂದಿನ ವಾರ ವಿನಯದ ಪಾಠ ಮಾಡೋಣ ಎಂದಳು.