ಆಪು

ಹಾಲು ತಂಪಾಗಿಡುವ ಕೂಲರಿನ ಮುಚ್ಚಳ ಎತ್ತುತ್ತಲೇ ಗಂಗಾಲಕ್ಷ್ಮಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಊರಿನ ಬೆಳಗಿನ ಹಾಲೆಲ್ಲ, ಇತ್ತ ಮೊಸರೂ ಆಗದೆ ಅತ್ತ ಹಾಲಾಗಿಯೂ ಉಳಿಯದೆ, ಗಂಟುಗಂಟಾಗಿ ತೇಲುತ್ತಿತ್ತು. ರಾಯಲ್ಪಾಡಿನ ಡೇರಿಗೆ ಆಕೆ ಕಾರ್ಯದರ್ಶಿ. ಖಾಸಗಿ ಡೇರಿಯ ವ್ಯಾನು ಬಂದ ಮೇಲೂ ಹೆಂಗಸರು ಇಲ್ಲಿಗೇ ಹಾಲು ಹಾಕುತ್ತಿದ್ದುದು ಆಕೆಯ ಮುಖ ನೋಡಿ.

"ಜನರೇಟ್ರು ಯಾಕಪ್ಪಾ ನಿಲ್ಸಿದೆ?"

"ಸಾರೇ ಹೇಳಿದ್ರಲ್ಲಕ್ಕಾ," ಎಂದ ಸಹಾಯಕ ಕದಿರೇಶ್. "ಕರೆಂಟು ಹೋಯ್ತು, ಜನರೇಟ್ರು ಹಾಕ್ದೆ. ಫೋನ್ ಬಂತು. ಆ ಸದ್ದಲ್ಲಿ ಕೇಳಿಸಿದ್ದು ಇಷ್ಟೇ, 'ಆಪು, ಆಪು, ಮೊದ್ಲು ಆಪು' ಅಂತ. ನಿಲ್ಸ್‌ಬಿಟ್ಟೆ."

ಕದಿರೇಶನ ಮನೆಮಾತು ತೆಲುಗು. ಅದರಲ್ಲಿ 'ಆಪು' ಎಂದರೆ ನಿಲ್ಲಿಸು. ಫೋನು ಮಾಡಿದ್ದ ಮಾಲೂರಿನ ಅಮರನಾಥ್ ಮೊದಲು ತೆರೆದು ನೋಡು ಎಂದಿದ್ದು ಮೊಬೈಲಿನ ಆಪನ್ನು. ಕರೆಂಟು, ಜನರೇಟರು, ಕೂಲರು, ಟ್ಯಾಂಕರು ಎಂಬ, ಒಬ್ಬರ ಮುಖ ಒಬ್ಬರು ನೋಡದ ನಾಲ್ವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವ ಆಪು. ಅದರ ತರಬೇತಿಗೆಂದೇ ಗಂಗಾಲಕ್ಷ್ಮಿ ಅಂದು ಶ್ರೀನಿವಾಸಪುರಕ್ಕೆ ಹೋಗಿದ್ದಳು. ಪಲಾವ್ ಚೆನ್ನಾಗಿತ್ತು. ತರಬೇತಿ ಕೊಟ್ಟ ಅಮರನಾಥನೇ ಕಾರಿನಲ್ಲಿ ಕರೆತಂದು, ಈಗ ಹೊಸ್ತಿಲಾಚೆ ಕರ್ಚೀಫು ಹಿಡಿದು ನಿಂತಿದ್ದ.

ಆಕೆ ಟ್ಯಾಂಕರಿನ ಡ್ರೈವರಿಗೆ ಫೋನು ಹಚ್ಚಿದಳು. "ಲೇ ಚಂದ್ರು, ಯಾಕೋ ಬರ್ಲಿಲ್ಲ?"

"ನಿಮ್ಮೂರ ಹಾಲು ಬೆಚ್ಚಗಾಗೈತೆ, ಹೋಗ್ಬೇಡ ಅಂತ ಆಪಲ್ಲಿ ಬಂತಕ್ಕಾ."

"ನಂಗೊಂದು ಮಾತು ಹೇಳೋಕೆ ಬಾಯಿಗೇನಾಗಿತ್ತು?"

"ನಾವು ಫೋನ್ ಮಾಡಂಗಿಲ್ಲ. ಅದಕ್ಕೇ ಅಲ್ವಾ ಆಪಿರೋದು?"

ಅಮರನಾಥ್ ಹೊರಗಿಂದಲೇ ಪರದೆ ತೋರಿಸಿದ. ಎಲ್ಲ ಹಸಿರು. "ನೋಡಿ ಮೇಡಂ, ಕೂಲರು ಸರಿಯಾಗೇ ಹೇಳಿದೆ, ಟ್ಯಾಂಕರು ಸರಿಯಾಗೇ ಕೇಳಿದೆ. ಸಮನ್ವಯದಲ್ಲಿ ಎಲ್ಲೂ ಲೋಪ ಇಲ್ಲ."

"ಒಳಗೆ ಬಂದು ಮೂಸ್ನೋಡಿ ಸಾರ್."

ಅವನು ಬರಲಿಲ್ಲ. ಕದಿರೇಶ್ ಕೂಲರಿನ ನಲ್ಲಿ ತಿರುಗಿಸಿದ. ಹಾಲು ಗೊಳಗೊಳ ಎನ್ನುತ್ತ ಚರಂಡಿಗಿಳಿಯಿತು. ನೊಣಗಳು ಯಾರ ಅಪ್ಪಣೆಗೂ ಕಾಯದೆ ಒಟ್ಟಾಗಿ ಬಂದವು. ಅಮರನಾಥ್ ಪ್ಯಾಂಟು ಮೇಲೆತ್ತಿಕೊಂಡು ಕಾರಿನತ್ತ ನಡೆದ.

ಸಂಜೆಯ ಹಾಲಿಗೆ ಮೊದಲು ಬರುವವಳು ಯಾವಾಗಲೂ ಅಕ್ಕಯಮ್ಮ. ಬಂದಳು. ಚರಂಡಿ ನೋಡಿದಳು.

"ಏನೇ ಗಂಗಾ, ಇದು ನಮ್ದೇನಾ?"

ಗಂಗಾಲಕ್ಷ್ಮಿ ಅಳತೆಯ ಪಾತ್ರೆಯನ್ನು ಮತ್ತೊಮ್ಮೆ ತೊಳೆಯತೊಡಗಿದಳು.

ತಿರುವಿನಲ್ಲಿ ಖಾಸಗಿ ಡೇರಿಯ ವ್ಯಾನಿನ ಹಾರನ್ ಕೇಳಿಸಿತು. ಅಕ್ಕಯಮ್ಮ ಮೆಟ್ಟಿಲು ಹತ್ತಲಿಲ್ಲ, ಇಳಿಯಲೂ ಇಲ್ಲ. ಹಾಲಿನ ಕ್ಯಾನನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿಕೊಂಡಳು.