ಇಳಿಯದ ಬಾವುಟ

ಹೊತ್ತು ಮುಳುಗಿತು. ಹೋಲ್ಗರನ ಬಾವುಟ ಮಾತ್ರ ಇಳಿಯಲಿಲ್ಲ.

ಹೋಲ್ಗರ್ ನಮ್ಮ ಗಿಡಬೇಲಿಯಾಚೆಯ ಒಂಟಿಗ. ಹಡಗಿನ ಮೆಕ್ಯಾನಿಕ್ ಆಗಿದ್ದವನು, ಶಿಸ್ತಿನ ಮುಂಡೇದು. ಇವತ್ತು ಅವನ ಹುಟ್ಟುಹಬ್ಬ. ನಮ್ಮ ಡೆನ್ಮಾರ್ಕಿನಲ್ಲಿ ಎಲ್ಲರೂ ಮಾಡುವಂತೆ ಬೆಳಿಗ್ಗೆಯೇ ಅಂಗಳದ ಕಂಬಕ್ಕೆ ಬಾವುಟ ಏರಿಸಿದ್ದ. ಸೂರ್ಯ ಮುಳುಗಿದ ಮೇಲೂ ಬಾವುಟ ಹಾರಿದರೆ ಸೈತಾನನಿಗೆ ಸಲಾಮು ಹೊಡೆದ ಹಾಗೆ ಎಂದು ಎಷ್ಟು ಸಲ ನನ್ನನ್ನೇ ಬೈದಿಲ್ಲ ಅವನು!

ಅಡುಗೆಮನೆ ಕಿಟಕಿಯಿಂದ ಇಣುಕಿದೆ. ಅವನ ಮನೆಯಲ್ಲಿ ದೀಪವಿಲ್ಲ. ಸೈಕಲ್ ಗೋಡೆಗೆ ಒರಗಿಯೇ ಇದೆ. ಬ್ರೆಡ್ಡಿನ ಮೇಲೆ ಇಡುತ್ತಿದ್ದ ಮೀನನ್ನು ಅಲ್ಲೇ ಬಿಟ್ಟೆ. ತಡೆಯಲಾರದೆ ಬೇಲಿಯ ಹತ್ತಿರ ಹೋಗಿ ನಿಂತೆ.

ಸೊಸೆಯ ತಂಗಿ ಅಸ್ಸುಂತಾ ಹಿಂದೆಯೇ ಬಂದಳು. ಇಟಲಿಯ ನೇಪಲ್ಸಿನವಳು, ಊರು ನೋಡಲು ಬಂದವಳು. ರಸ್ತೆ ಖಾಲಿಯಿದ್ದರೂ ನಾವು ಹಸಿರು ದೀಪಕ್ಕೆ ಕಾಯುವುದನ್ನು, ಕೂಸುಗಳನ್ನು ಚಳಿಯಲ್ಲಿ ಹೊರಗೆ ಮಲಗಿಸುವುದನ್ನು ಕಂಡು ಬಿದ್ದು ಬಿದ್ದು ನಕ್ಕಿದ್ದವಳು.

"ಏನಾಯ್ತತ್ತೆ?"

"ಬಾವುಟ ಇಳಿಸಿಲ್ಲ ಕಣೆ. ಏನೋ ಆಗಿದೆ ಅವ್ನಿಗೆ."

"ಹೋಗಿ ಬಾಗ್ಲು ತಟ್ಟಿ ಮತ್ತೆ!"

"ಹೇಳ್ದೆ ಕೇಳ್ದೆ ಹೋಗೋದಾ? ಒಬ್ರ ಮನೆಗೆ ಹೋಗ್ಬೇಕಂದ್ರೆ ವಾರ ಮೊದ್ಲೇ ದಿನ ಗೊತ್ತು ಮಾಡ್ಕೋಬೇಕು. ಅದೂ ಹುಟ್ಟುಹಬ್ಬದ ದಿನ, ಕರೀದೆ!"

"ಫೋನ್ ಮಾಡಿ."

"ಮಾಡ್ದೆ, ಎತ್ತಲಿಲ್ಲ. ಮಲ್ಗಿರ್ಬೋದು. ನಾನು ನುಗ್ಗಿ, ಅವ್ನು ಚೆನ್ನಾಗಿದ್ರೆ ಮುಖ ಎಲ್ಲಿಟ್ಕೊಳ್ಲಿ?"

"ಚೆನ್ನಾಗಿಲ್ದೇ ಇದ್ರೆ ಎಲ್ಲಿಟ್ಕೋತೀರಿ?"

ಅವಳ ಮಾತು ನಿಜವೇ. ಆದರೂ ಕಾಲು ಮುಂದೆ ಹೋಗಲಿಲ್ಲ. ಬೇಲಿಯುದ್ದಕ್ಕೂ ಶತಪಥ ಹಾಕಿದೆ. ಹೋಗಲೋ ಬೇಡವೋ, ಹೋಗಲೋ ಬೇಡವೋ. ಸಮುದ್ರದ ಕಡೆಯಿಂದ ಚಳಿಗಾಳಿ ಎದ್ದಿತು, ಮೇಲೆ ಬಾವುಟ ಪಟಪಟ ಬಡಿಯುತ್ತಲೇ ಇತ್ತು.

"ಬೆಂಕಿ ಬೀಳ್ಲಿ ನಿಮ್ಮ ಮರ್ಯಾದೆಗೆ!" ಎಂದವಳೇ ಅಸ್ಸುಂತಾ ಬೇಲಿಯ ಸಂದಿಯಲ್ಲಿ ತೂರಿಕೊಂಡಳು. ಮರುಕ್ಷಣವೇ ಚೀರಿದಳು.

"ಅತ್ತೇ! ಇಲ್ಲೇ ಬಿದ್ದಿದಾರೆ!"

ದಟ್ಟ ಬೇಲಿಯ ಆ ಮಗ್ಗುಲಲ್ಲೇ, ಸೇಬಿನ ಮರದ ಕೆಳಗೆ ಹೋಲ್ಗರ್ ಬಿದ್ದಿದ್ದ. ಪಕ್ಕದಲ್ಲಿ ಉರುಳಿದ ಏಣಿ, ಚೆಲ್ಲಿದ ಸೇಬು. ನಾವು ನಿಂತಿದ್ದ ಜಾಗಕ್ಕೂ ಅವನಿಗೂ ಎರಡು ಮಾರು ದೂರವಿಲ್ಲ. ತುಟಿ ನೀಲಿಗಟ್ಟಿತ್ತು, ಒಂದು ಕಾಲು ಸೊಟ್ಟಗೆ ತಿರುಗಿತ್ತು. ಅಸ್ಸುಂತಾ ಆಂಬುಲೆನ್ಸ್ ಕರೆದಳು. ನಾನು ನನ್ನ ಕೋಟು ಹೊದಿಸಿ ಅವನ ಕೈ ಹಿಡಿದುಕೊಂಡೆ. ಮಂಜುಗಡ್ಡೆ ಮುಟ್ಟಿದ ಹಾಗಾಯಿತು.

"ಯಾವಾಗ ಬಿದ್ಯೋ?"

"ಮಧ್ಯಾಹ್ನ."

"ಅಯ್ಯೋ ದೇವ್ರೆ! ನಾವು ಇಲ್ಲೇ ಮಾತಾಡ್ತಿದ್ವಲ್ಲೋ, ಕೇಳಿಸ್ಲಿಲ್ವಾ?"

"ಎಲ್ಲಾ ಕೇಳಿಸ್ತು."

"ಮತ್ತೆ ಒಂದ್ಸಲ ಕೂಗ್ಬಾರ್ದಿತ್ತೇನೋ, ಪುಣ್ಯಾತ್ಮ!"

ಅಂಥ ನೋವಿನಲ್ಲೂ ಅವನಿಗೆ ನಾಚಿಕೆಯಾಯಿತು, ಮುಖ ತಿರುಗಿಸಿದ.

"ನಿಮ್ಮನೇಲಿ ನೆಂಟ್ರಿದ್ರಲ್ಲ, ಗ್ರೆಟೆ. ಸುಮ್ನೆ ಯಾಕೆ ತೊಂದ್ರೆ ಕೊಡೋದು ಅಂತ..."

ಬೈಯಲು ಬಾಯಿ ತೆರೆದೆ. ಯಾವ ಬಾಯಲ್ಲಿ ಬೈಯಲಿ? ಅವನ ಕೈ ಹಿಡಿದುಕೊಂಡೇ ಗೊಳೋ ಎಂದು ಅತ್ತುಬಿಟ್ಟೆ.