ಯಂಕಪ್ಪನ ಒಂದು ಚೊಲೋ ಫೋಟೋ

“ಗುರು, ಇದ್ರಲ್ಲಿ ಮೂಗ್ಯಾವ್ದು, ಬಾಯ್ಯಾವ್ದು?” ಚಂದಾಪುರದ ಫ್ಲೆಕ್ಸ್ ಅಂಗಡಿಯ ನಲ್ಲಪ್ಪ ಯಂಕಪ್ಪನ ಆಧಾರ್ ಕಾರ್ಡನ್ನು ಟ್ಯೂಬ್‌ಲೈಟಿಗೆ ಹಿಡಿದು ತಿರುಗಿಸಿದ. “ನಾಲ್ಕಡಿಗೆ ಎಳೆದ್ರೆ ಮಸಿ ಚೆಲ್ದಂಗೆ ಬರತ್ತೆ. ಬೇರೆ ಕೊಡು.”

ರೇವಣಸಿದ್ದ ಮೊಬೈಲ್ ತೆಗೆದ. ಅದರಲ್ಲಿ ಯಂಕಪ್ಪ ಕಾಕಾನಿಗೆ ಬರವಿರಲಿಲ್ಲ. ಮರಳಿನ ಗುಡ್ಡೆಯ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುವ ಕಾಕಾ. ನಾಯಿಕಿವಿ, ಉದ್ದ ನಾಲಿಗೆ ಅಂಟಿಸಿಕೊಂಡ ಕಾಕಾ. ಮೊಳದುದ್ದ ಮೀಸೆ ಬರೆಸಿಕೊಂಡ ಕಾಕಾ.

“ಮಗಾ, ಶ್ರದ್ಧಾಂಜಲಿಗೆ ಕೇಳಿದ್ದು ನಾನು,” ಎಂದ ನಲ್ಲಪ್ಪ.

ಅಷ್ಟರಲ್ಲಿ ಯಂಕಪ್ಪನ ಹೆಂಡತಿ ಬಸಕ್ಕನ ಫೋನ್ ಬಂತು. ನಿನ್ನೆ ಬೆಳಗ್ಗೆ ಹಲ್ಲುಜ್ಜುತ್ತಾ ಎದೆ ಹಿಡಿದು ಕುಳಿತ ಗಂಡ ಮತ್ತೆ ಏಳದ ಮೇಲೆ, ಅವಳ ದನಿ ಒಡೆದುಹೋಗಿತ್ತು. “ರೇವಣ್ಯಾ, ಕಾರ್ಡಿಂದು ಬ್ಯಾಡೋ. ಗ್ವಾಡಿ ಮುಂದ ನಿಂದ್ರಿಸಿ ತಗದಿದ್ಯಲ್ಲ, ಹೊಸ ಅಂಗಿದು, ಅದನ್ನ ಹಾಕ್ಸು. ನಾಲ್ಕಕ್ಕ ಮಣ್ಣು. ನಾಳಿಂದ ಅವ್ರ ಮಾರಿ ನೋಡ್ಬೇಕಂದ್ರ ಅದೊಂದ ನನಗ.”

ಎಲ್ಲದಕ್ಕೂ ಒಂದು ಡೈಲಾಗ್ ಇಟ್ಟುಕೊಂಡಿರುತ್ತಿದ್ದ ರೇವಣಸಿದ್ದ “ಹೂಂ ಕಾಕಿ” ಎಂದಷ್ಟೇ ಹೇಳಿ, ಕಾರ್ಡನ್ನು ಜೇಬಿಗಿಟ್ಟುಕೊಂಡು ಅಂಗಡಿಯಿಂದ ಹೊರಬಂದ.

*

ಪೇಟೆಯೊಳಗಿನ ನೂರು ವರ್ಷದ ಅಚ್ಚುಕೂಟವನ್ನು ಸಾಫ್ಟ್‌ವೇರ್ ಆಫೀಸು ಮಾಡುತ್ತಿದ್ದರು. ಏಸಿ, ಗಾಜು, ಲಿಫ್ಟು ಎಲ್ಲವೂ ಹೊಸದು. ಗೋಡೆ ಮಾತ್ರ ಹಳೆಯದೇ ಇರಬೇಕು. ಆ ಗೋಡೆಗೆ ಸಿಮೆಂಟ್ ಒಗ್ಗದು, ಸುಣ್ಣದ ಗಾರೆಯೇ ಆಗಬೇಕು. ಅದನ್ನು ಬಲ್ಲವನು ಇಡೀ ಸೈಟಿನಲ್ಲಿ ಕೊಪ್ಪಳದ ಕಡೆಯ ಯಂಕಪ್ಪನೊಬ್ಬನೇ. ಅಳಲೆಕಾಯಿ ನೆನೆಹಾಕಿ, ಬೆಲ್ಲದ ನೀರು ಬೆರೆಸಿ, ಗಾರೆ ಬಳಿದು, ಅಂಗೈಯಷ್ಟು ಕಲ್ಲಿನಿಂದ ಏಳು ತಿಂಗಳು ಉಜ್ಜಿದ.

“ಕಾಕಾ, ಗ್ವಾಡಿಗೆ ಬೆಲ್ಲ, ನಮಗ ಸಪ್ಪನ ಚಾ! ಯಾವ ನ್ಯಾಯ ಇದು ಯುವರ್ ಆನರ್?” ಎಂದು ಗಾರೆ ಹೊತ್ತು ಕೊಡುತ್ತಿದ್ದ ರೇವಣಸಿದ್ದ ಗೋಳಾಡಿದರೆ, “ಗ್ವಾಡಿ ನಿನ್ನಂಗ ವಟವಟ ಅನ್ನೂದಿಲ್ಲ, ಅದಕ್ಕ” ಎನ್ನುತ್ತಿದ್ದ ಯಂಕಪ್ಪ.

ಹೋದ ತಿಂಗಳು ಕೆಲಸ ಮುಗಿದ ದಿನ ಯಂಕಪ್ಪ ಕೈಕಾಲು ತೊಳೆದು, ಚೀಲದಿಂದ ಹೊಸ ಅಂಗಿ ತೆಗೆದು, ಕುತ್ತಿಗೆಯವರೆಗೆ ಗುಂಡಿ ಹಾಕಿ ಗೋಡೆಯ ಮುಂದೆ ನಿಂತ.

“ಒಂದು ಚೊಲೋ ಫೋಟೋ ತಗಿಯೋ. ಚ್ಯಾಷ್ಟಿ ಬ್ಯಾಡ. ಏಳು ತಿಂಗ್ಳು ಎಲ್ಲಿಗೆ ಹೊಕ್ಕಿದ್ದೆ ಅಂತ ನಿಮ್ಮ ಕಾಕಿಗೆ ತೋರ್ಸಬೇಕು.”

“ಈ ಲುಕ್ಕಿಗೆ ಬಾಲ್ಕನ್ಯಾಗಿಂದ ಶಿಳ್ಳಿ ಬೀಳ್ತಾವ ಕಾಕಾ! ಕ್ಯಾಮೆರಾ... ಆಕ್ಷನ್!”

ರೇವಣಸಿದ್ದ ಏಳು ಸಲ ಒತ್ತಿದ. ಯಂಕಪ್ಪ ಏಳು ಸಲವೂ ಉಸಿರು ಬಿಗಿಹಿಡಿದು ನಿಂತ. ಸೆಲ್ಫಿಗಿಟ್ಟಿದ್ದ ಕ್ಯಾಮೆರಾ ತಿರುಗಿದ್ದುದು ರೇವಣಸಿದ್ದನ ಮುಖಕ್ಕೇ.

“ಬಂತೇನೋ?”

“ಸೂಪರ್‌ಸ್ಟಾರ್ ಬಂದಾನ! ಪ್ರಿಂಟ್ ಹಾಕ್ಸೇ ಕೊಡ್ತೀನಿ.”

ಮರುದಿನ ಮತ್ತೆ ನಿಲ್ಲಿಸಿ ನಿಜವಾದದ್ದು ತೆಗೆಯಬೇಕು, ಆಮೇಲೆ ಇವನ್ನು ತೋರಿಸಿ ನಗಿಸಬೇಕು ಎಂದುಕೊಂಡಿದ್ದ. ಮರುದಿನ ಬಾಗಿಲಲ್ಲಿ ಸೆಕ್ಯುರಿಟಿಯವನು ಆಫೀಸಿನ ಕಾರ್ಡ್ ಕೇಳಿದ. ಅವರಿಬ್ಬರ ಬಳಿಯೂ ಕಾರ್ಡ್ ಇರಲಿಲ್ಲ. ಕಾಕಾನಿಗೆ ನಿಜ ಹೇಳುವುದು ನಾಳೆ ನಾಳೆ ಎಂದು ಮುಂದಕ್ಕೆ ಹೋಯಿತು.

*

ಫ್ಲೆಕ್ಸ್ ಅಂಗಡಿಯ ಹೊರಗೆ ನಿಂತು ರೇವಣಸಿದ್ದ ಸೈಟ್ ಎಂಜಿನಿಯರ್ ವಿಶ್ವನಾಥರಿಗೆ ಫೋನ್ ಮಾಡಿದ. “ಸಾರ್, ದಿನಾ ಫೋಟೋ ತೆಗೀತಿದ್ರಲ್ಲ, ಅದ್ರಾಗ ಕಾಕಾ ಇರಬೇಕು ನೋಡ್ರಿ.”

“ಪ್ರೋಗ್ರೆಸ್ ಫೋಟೋಸ್ ಇದಾವಪ್ಪ, ಎಲ್ಲಾ ಕಳಿಸ್ತೀನಿ. ಆದ್ರೆ...” ಎಂದರು ವಿಶ್ವನಾಥ್. “ಫ್ರೇಮಲ್ಲಿ ಲೇಬರ್ ಬರಬಾರದು ಅಂತ ಮೇಲಿನೋರು ಹೇಳಿದ್ರು. ಪಕ್ಕಕ್ಕೆ ಸರಿ ಯಂಕಪ್ಪ ಅಂತಿದ್ದೆ. ಪಾಪ, ಸರೀತಿದ್ರು.”

ನೂರಾರು ಫೋಟೋ ಬಂದವು. ಎಲ್ಲದರಲ್ಲೂ ಗೋಡೆ.

ಶೀಟಿನ ಮನೆಗಳ ಸಾಲಿಗೆ ಅವನು ಬರಿಗೈಯಲ್ಲಿ ಮರಳಿದಾಗ ಚಟ್ಟ ಸಿದ್ಧವಾಗುತ್ತಿತ್ತು. ಬಸಕ್ಕ ಹೆಣದ ತಲೆಯ ಬಳಿ ಕುಳಿತಿದ್ದಳು.

“ಕಾಕಿ, ಆ ಫೋಟೋ ಇಲ್ಲ. ನಾ ತಗೀಲೇ ಇಲ್ಲ.”

ಮೊಬೈಲ್ ಅವಳ ಕೈಗೆ ಕೊಟ್ಟ. ಬಸಕ್ಕ ಒಂದೊಂದಾಗಿ ಸರಿಸಿದಳು. ಹಲ್ಲು ಕಿರಿದ ರೇವಣ. ಕಣ್ಣು ಹೊಡೆದ ರೇವಣ. ನಾಲಿಗೆ ಚಾಚಿದ ರೇವಣ.

“ಏಳೂ ನಿನ್ವಾ?”

“ಹೂಂ.”

“ಅವ್ರಿಗೆ ಗೊತ್ತಿತ್ತಾ?”

“ಇಲ್ಲ ಕಾಕಿ.”

“ದಿನಾ ಉಣ್ಣಾಗ ಹೇಳೋರು. ಹುಡುಗ ಭಾಳ ಚೊಲೋ ತಗದಾನ, ನೀ ನೋಡಿದ್ರ ನನ್ನ ಗುರ್ತ ಹಿಡಿಯಂಗಿಲ್ಲ ಅಂತ.”

“ಥೂ ನಿನ್ನ, ಎಲ್ಲಾದ್ರಾಗೂ ಸಿನಿಮಾನ!” ಚಟ್ಟ ಕಟ್ಟುತ್ತಿದ್ದ ಮೇಸ್ತ್ರಿ ಸಂಗಣ್ಣ ಕೈ ಎತ್ತಿಕೊಂಡೇ ಬಂದ. ರೇವಣಸಿದ್ದ ತಪ್ಪಿಸಿಕೊಳ್ಳಲಿಲ್ಲ. ಏಟು ಬಿದ್ದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

“ಬಿಡು ಅಣ್ಣಾ,” ಎಂದಳು ಬಸಕ್ಕ. “ಆ ಗ್ವಾಡಿನರ ಐತೇನೋ?”

ವಿಶ್ವನಾಥರು ಕಳಿಸಿದ ಕೊನೆಯ ಫೋಟೋ ತೆರೆದು ತೋರಿಸಿದ. ಆಳೆತ್ತರದ ಬಿಳಿ ಗೋಡೆ. ಕಿಟಕಿಯ ಬೆಳಕು ಅದರ ಮೇಲೆ ನಿಂತ ನೀರಿನಲ್ಲಿ ಬಿದ್ದಂತೆ ಬಿದ್ದಿತ್ತು.

“ಇಷ್ಟೂ ಕೈಲೇನ ಉಜ್ಜಿದ್ರಾ?”

“ಕಲ್ಲಿಲೆ, ಕಾಕಿ. ಒಬ್ರ.”

ಬಸಕ್ಕ ಬಹಳ ಹೊತ್ತು ನೋಡಿದಳು. “ಇದನ್ನ ಹಾಕ್ಸು.”

“ಮನುಷ್ಯ ಎಲ್ಲಿ ಗುರು?” ಎಂದು ಅಂಗಡಿಯಲ್ಲಿ ಫೋಟೋ ನೋಡಿದ ನಲ್ಲಪ್ಪ ಕೇಳಿದ. ರೇವಣಸಿದ್ದನ ಮುಖ ನೋಡಿ ಕೆಲಸಕ್ಕೆ ಕೂತ. ಗುಲಾಬಿ ಹೂಗಳ ಚೌಕಟ್ಟಿನೊಳಗೆ ಗೋಡೆ ಕೂರಿಸಿ, ಕೆಳಗೆ ಯಂಕಪ್ಪನ ಹೆಸರು ಬರೆದ.

ಮೂರೂವರೆಗೆ ಫ್ಲೆಕ್ಸನ್ನು ಬಾಗಿಲ ಪಕ್ಕ ನೀರಿನ ಡ್ರಮ್ಮಿನ ಮೇಲೆ ನಿಲ್ಲಿಸಿದರು. ಓಣಿಯವರು ಬಂದರು, ನೋಡಿದರು, ಮುಖ ಹುಡುಕಿದರು. ಚೆಂಡುಹೂವಿನ ಹಾರ ಹಿಡಿದು ಬಂದ ಸಂಗಣ್ಣನಿಗೆ ಆ ಬರೀ ಬಿಳುಪಿನ ಮುಂದೆ ಎಲ್ಲಿಗೆ ಹಾಕಬೇಕೆಂದು ತಿಳಿಯಲಿಲ್ಲ. ಅಂದಾಜಿಗೆ ನಡುವಿನಲ್ಲಿ ಹಿಡಿದ.

“ಇನ್ನಷ್ಟು ಮ್ಯಾಲ, ಅಣ್ಣಾ,” ಎಂದಳು ಬಸಕ್ಕ. “ಅವ್ರು ಎತ್ತರ ಇದ್ರು.”

ಸಂಗಣ್ಣ ತುದಿಗಾಲಲ್ಲಿ ನಿಂತು ಹಾರವನ್ನು ಮೇಲೆತ್ತಿದ.